ಪರೀಕ್ಷೆಗೆಂದು ಹಾಕಿದ ಒಂದು ಸಾಲು

ಆಸ್ಪತ್ರೆಯ ಮೂರನೇ ಮಹಡಿಯಲ್ಲಿ ಎಕ್ಸ್‌ರೇ ವಿಭಾಗದ ಹಳೆಯ ಕತ್ತಲೆ ಕೋಣೆಯೊಂದಿತ್ತು. ಅದಕ್ಕೆ ಟ್ಯೂಬ್‌ಲೈಟು ಹಾಕಿ ಕಚೇರಿ ಎಂದು ಬೋರ್ಡು ಬರೆಸಿದ್ದರು. ಅಲ್ಲಿ ಕೂರುವವನನ್ನು ಎಲ್ಲರೂ ಲೋಡಪ್ಪ ಎನ್ನುತ್ತಿದ್ದರು. ಹೆತ್ತವರು ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿತ್ತು. ಅದನ್ನು ಯಾರೂ ಓದುತ್ತಿರಲಿಲ್ಲ.

ಆಸ್ಪತ್ರೆಯ ಹದಿನಾಲ್ಕು ವಿಭಾಗಗಳು ದಿನಕ್ಕೊಂದು ಫೈಲು ಕಳಿಸುತ್ತಿದ್ದವು. ಯಾರು ಬಂದರು, ಯಾರು ಹೋದರು, ಯಾರಿಗೆ ಎಲ್ಲಿ ಕೊಯ್ದರು, ಯಾರು ಹಾಸಿಗೆಯಲ್ಲೇ ಮುಗಿದರು ಎಂಬುದೆಲ್ಲ ಅದರಲ್ಲಿ ಇರುತ್ತಿತ್ತು. ಲೋಡರ್ ಎಂಬ ಸಾಫ್ಟ್‌ವೇರಿನಲ್ಲಿ ಆ ಹದಿನಾಲ್ಕನ್ನೂ ತೂರಿ, ಕಸ ಕಡ್ಡಿ ತೆಗೆದು, ಡೇಟಾ ವೇರ್‌ಹೌಸ್ ಎಂಬ ಒಂದೇ ಕಣಜಕ್ಕೆ ಸುರಿಯುವುದು ಲೋಡಪ್ಪನ ಕೆಲಸ. ಯಾವ ವಾರ್ಡಿಗೆ ಎಷ್ಟು ಬ್ರೆಡ್ಡು, ಯಾರ ಮನೆಗೆ ಯಾವ ಸಿಸ್ಟರು ಎಂಬ ಪಟ್ಟಿಗಳೆಲ್ಲ ಆ ಕಣಜದಿಂದಲೇ ಅಚ್ಚಾಗುತ್ತಿದ್ದವು. ವಾರ್ಡಿನವರು ಯಾರಾದರೂ ಪಟ್ಟಿ ತಪ್ಪಾಗಿದೆ ಎಂದು ಬಂದರೆ ಲೋಡಪ್ಪ ಕುರ್ಚಿಯಿಂದ ಏಳದೆ, ಕಣಜದಲ್ಲಿ ಇದ್ದದ್ದು ಸುಳ್ಳಾಗುವುದಿಲ್ಲ, ನೀವೇ ಹೋಗಿ ರೋಗಿಯನ್ನು ಸರಿಯಾಗಿ ನೋಡಿಕೊಂಡು ಬನ್ನಿ ಎನ್ನುತ್ತಿದ್ದ. ಅವರು ಹೋಗಿ ನೋಡಿಕೊಂಡು ಬರುತ್ತಿದ್ದರು.

ಇಷ್ಟು ದೊಡ್ಡ ಮಾತಾಡುವವನ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಪರೀಕ್ಷಾ ಅವಧಿ ಮುಗಿಯಲು ಮೂವತ್ತು ದಿನ ಬಾಕಿ ಇತ್ತು.

ಆ ಬುಧವಾರ ಮೇಲಧಿಕಾರಿ ಮೇಡಮ್ಮು ಬಾಗಿಲಲ್ಲಿ ನಿಂತು, ಲೋಡರಿನ ಹೊಸ ಆವೃತ್ತಿ ಬಂದು ವಾರವಾಯಿತಲ್ಲ, ಪರೀಕ್ಷೆ ಮಾಡಿದಿರಾ ಎಂದು ಕೇಳಿದರು. ಮಾಡಿದೆ ಎಂದ ಲೋಡಪ್ಪ. ಮಾಡಿರಲಿಲ್ಲ. ಹಾಗಾದರೆ ಫಲಿತಾಂಶ ತೋರಿಸಿ, ಹತ್ತು ನಿಮಿಷ ಬಿಟ್ಟು ಬರುತ್ತೇನೆ ಎಂದು ಮೇಡಮ್ಮು ಹೋದರು.

ಪರೀಕ್ಷೆ ಮಾಡಲು ಬೇರೆಯೇ ಒಂದು ಪುಟ್ಟ ಕಣಜವಿತ್ತು. ಅದರ ಪಾಸ್‌ವರ್ಡು ಹಿಂದೆ ಆ ಕುರ್ಚಿಯಲ್ಲಿದ್ದವನ ತಲೆಯೊಳಗಿತ್ತು. ಆ ತಲೆ ಈಗ ಬೇರೆ ಊರಿನಲ್ಲಿತ್ತು. ಯಾರನ್ನಾದರೂ ಕೇಳಿದರೆ ವರ್ಷವಿಡೀ ಒಂದೂ ಪರೀಕ್ಷೆ ಮಾಡಿಲ್ಲ ಎಂಬುದು ಹೊರಬೀಳುತ್ತಿತ್ತು. ಲಕ್ಷಾಂತರ ಸಾಲುಗಳ ನಡುವೆ ಒಂದು ಸಾಲು ಹೆಚ್ಚಾದರೆ ಯಾರಿಗೆ ಭಾರ ಎಂದುಕೊಂಡು ಲೋಡಪ್ಪ ನಿಜವಾದ ಕಣಜಕ್ಕೇ ಒಂದು ಸಾಲಿನ ಫೈಲು ಸಿದ್ಧಮಾಡಿದ. ಸುಳ್ಳು ಹೆಸರು ಹಾಕಲು ಮನಸ್ಸಾಗದೆ ತನ್ನದೇ ಹೆಸರು, ವಯಸ್ಸು, ವಿಳಾಸ, ಫೋನು ಬರೆದ. ಉಳಿದ ಮೂವತ್ತೊಂದು ಕಾಲಂ ಖಾಲಿ ಬಿಟ್ಟ. ತನ್ನ ಹೆಸರಿನ ಮುಂದೆ ರೋಗ ಬರೆಯಲು ಕೈ ಬರಲಿಲ್ಲ. ರೋಗಿಯ ನಂಬರು ಬೇಕಿತ್ತು. 4040404 ಎಂದು ಒತ್ತಿದ. ಇಷ್ಟು ಚೆಂದದ ನಂಬರು ಯಾವ ರೋಗಿಗೂ ಸಿಕ್ಕಿರಲಾರದು ಎಂಬುದು ಅವನ ತರ್ಕ.

ಸಿಕ್ಕಿತ್ತು. ಒಬ್ಬ ಲಿಫ್ಟ್ ಮೆಕ್ಯಾನಿಕ್ಕಿಗೆ. ಬೆನ್ನುಮೂಳೆಗೆ ಕ್ಯಾನ್ಸರ್ ಇಳಿದಿತ್ತು. ಕೊಯ್ದು ನೋಡಿ ಹೊಲಿದಿದ್ದರು. ಇನ್ನು ಮನೆಯಲ್ಲೇ ಇಟ್ಟುಕೊಳ್ಳಿ, ಸೋಮವಾರಕ್ಕೊಮ್ಮೆ ಸಿಸ್ಟರ್ ಬಂದು ನೋವಿನ ಮಾತ್ರೆ ಕೊಟ್ಟು ಹೋಗುತ್ತಾರೆ ಎಂದು ಹೇಳಿ ಹಿಂದಿನ ದಿನವಷ್ಟೇ ಮನೆಗೆ ಕಳಿಸಿದ್ದರು. ಕೈಯಲ್ಲಿ ಒಂದು ವಾರದ ಮಾತ್ರೆ ಕೊಟ್ಟಿದ್ದರು.

ಲೋಡರಿನ ಕಾನೂನು ಸರಳ. ನಂಬರು ಹೊಸದಾದರೆ ಹೊಸ ಸಾಲು ಸೇರಿಸುತ್ತದೆ. ನಂಬರು ಮೊದಲೇ ಇದ್ದರೆ, ಬರೆದು ಕಳಿಸಿದ ಕಾಲಮ್ಮಿನಲ್ಲಿ ಹಳೆಯದನ್ನು ಅಳಿಸಿ ಹೊಸದನ್ನು ಕೂರಿಸುತ್ತದೆ. ಖಾಲಿ ಬಿಟ್ಟದ್ದನ್ನು ಮುಟ್ಟುವುದಿಲ್ಲ. ಕಣ್ಣು ಮಿಟುಕಿಸುವಷ್ಟರಲ್ಲಿ ಲಿಫ್ಟ್ ಮೆಕ್ಯಾನಿಕ್ಕಿನ ಹೆಸರು, ವಯಸ್ಸು, ವಿಳಾಸ, ಫೋನು ಅಳಿದುಹೋದವು. ರೋಗ ಉಳಿಯಿತು. ರೋಗಕ್ಕೆ ಈಗ ಲೋಡಪ್ಪನ ವಿಳಾಸ.

ಪರದೆಯ ಮೇಲೆ ಮೂರು ಸಾಲು ಮೂಡಿದವು. ಸೇರಿದ್ದು ಸೊನ್ನೆ, ಬದಲಾದದ್ದು ಒಂದು, ತಿರಸ್ಕರಿಸಿದ್ದು ಸೊನ್ನೆ. ಲೋಡಪ್ಪ ಆ ಒಂದನ್ನಷ್ಟೇ ನೋಡಿದ. ಒಂದು ಹಾಕಿದೆ ಮೇಡಮ್, ಒಂದು ಆಗಿದೆ ಎಂದ. ಮೇಡಮ್ಮು ಗುಡ್ ಎಂದರು. ಆ ಸಾಲನ್ನು ಅಳಿಸಬೇಕಾದರೆ ಮೇಡಮ್ಮಿನ ಸಹಿ ಇರುವ ಅರ್ಜಿ ಬೇಕಿತ್ತು. ಸದ್ಯಕ್ಕೆ ಇರಲಿ ಎಂದು ಬಿಟ್ಟ.

ಸೋಮವಾರ ಬೆಳಿಗ್ಗೆ ಒಂದು ಕಾಲಿಗೆ ಬೂಟು ಹಾಕಿಕೊಂಡು ಇನ್ನೊಂದನ್ನು ಹುಡುಕುತ್ತಿದ್ದಾಗ ಬಾಗಿಲು ಬಡಿಯಿತು. ಬಿಳಿ ಚೀಲ ಹಿಡಿದ ಸಿಸ್ಟರ್ ಒಳಗೆ ಬಂದವರೇ, ನಿಂತುಕೊಂಡಿದ್ದೀರಾ, ತುಂಬ ಸಂತೋಷ ಎಂದರು. ಲೋಡಪ್ಪ ಕಣ್ಣು ಕಣ್ಣು ಬಿಟ್ಟ. ಸಿಸ್ಟರ್ ಅವನ ಭುಜ ಹಿಡಿದು ಮೆಲ್ಲನೆ ಕೂರಿಸಿ, ಪಕ್ಕದಲ್ಲಿ ಹೆಂಡತಿಯನ್ನೂ ಕೂರಿಸಿ, ಪಟ್ಟಿಯಲ್ಲಿದ್ದ ರೋಗದ ಹೆಸರನ್ನಷ್ಟೇ ತಗ್ಗಿದ ದನಿಯಲ್ಲಿ ಓದಿದರು. ಹೆಂಡತಿಯ ಕೈಯಲ್ಲಿದ್ದ ಇನ್ನೊಂದು ಬೂಟು ಕೆಳಗೆ ಬಿತ್ತು.

ತನಗೆ ಯಾವ ಕಾಯಿಲೆಯೂ ಇಲ್ಲ ಎಂದ ಲೋಡಪ್ಪ. ಸಿಸ್ಟರ್ ತಲೆಯಾಡಿಸಿದರು. ಇಂಥ ರೋಗಿಗಳು ಮೊದಲು ಒಪ್ಪುವುದಿಲ್ಲ, ವಾದ ಮಾಡಬಾರದು ಎಂದು ತರಬೇತಿಯಲ್ಲಿ ಮೂರು ದಿನ ಹೇಳಿಕೊಟ್ಟಿದ್ದರು. ಬೆನ್ನು ನೋಯುವುದೇ ಇಲ್ಲ ಎಂದ. ಪುಸ್ತಕದಲ್ಲಿ 'ರೋಗಿ ಇನ್ನೂ ಒಪ್ಪಿಕೊಂಡಿಲ್ಲ' ಎಂದು ಬರೆದುಕೊಂಡರು. ಇದೇನೋ ತಪ್ಪಾಗಿದೆ ಎಂದ. ಆ ವಾಕ್ಯದ ಕೆಳಗೆ ಗೆರೆ ಎಳೆದರು. ನೋವು ಬರುವ ಮೊದಲೇ ಮಾತ್ರೆ ತೆಗೆದುಕೊಳ್ಳಬೇಕು, ಬಂದ ಮೇಲೆ ತಡವಾಗುತ್ತದೆ ಎಂದು ಹೇಳಿ ಡಬ್ಬಿ ಕೊಟ್ಟು, ರಿಜಿಸ್ಟರಿನಲ್ಲಿ ಸಹಿ ಹಾಕಿಸಿಕೊಂಡು ಹೋದರು.

ಸಿಸ್ಟರ್ ಹೋದ ಮೇಲೆ ಲೋಡಪ್ಪನಿಗೆ ಒಂದು ವಿಷಯ ನೆನಪಾಯಿತು. ಹಿಂದಿನ ತಿಂಗಳು ಸಿಬ್ಬಂದಿಯ ಆರೋಗ್ಯ ತಪಾಸಣೆಯಲ್ಲಿ ಅವನ ರಕ್ತ ತೆಗೆದಿದ್ದರು, ಫಲಿತಾಂಶ ಕೊಟ್ಟಿರಲಿಲ್ಲ. ಪರೀಕ್ಷೆಗೆ ಹಾಕಿದ ಸಾಲು ಅವನಿಗೆ ನೆನಪಾಗಲೇ ಇಲ್ಲ ಎಂದಲ್ಲ. ಆದರೆ ಅದರಲ್ಲಿ ತಾನು ರೋಗ ಬರೆದಿರಲಿಲ್ಲವಲ್ಲ. ತಾನು ಬರೆಯದ ರೋಗ ತಾನಾಗಿ ಬಂದಿದೆ ಎಂದರೆ ಅದು ನಿಜವಾದ ರೋಗವೇ ಇರಬೇಕು.

ಆಸ್ಪತ್ರೆಗೆ ಓಡಿ, ದಾರಿಯಲ್ಲಿ ಸಿಕ್ಕ ಮೂಳೆ ಡಾಕ್ಟರನ್ನು ಹಿಡಿದು ನಿಲ್ಲಿಸಿದ. ಡಾಕ್ಟರು ಅವನನ್ನು ನೋಡಲಿಲ್ಲ. ನಂಬರು ಕೇಳಿ ಕಂಪ್ಯೂಟರು ನೋಡಿದರು. ಬಹಳ ಹೊತ್ತು ನೋಡಿ, ಕನ್ನಡಕ ತೆಗೆದು, ಬೆನ್ನ ಮೇಲೆ ಕೈ ಇಡಲು ಹೋಗಿ, ಬೆನ್ನು ಎಂದು ನೆನಪಾಗಿ ಕೈ ಹಿಂದೆ ತೆಗೆದುಕೊಂಡರು.

"ನೋಡೋಕೆ ಚೆನ್ನಾಗೇ ಇದೀರಿ. ಕೆಲವರಲ್ಲಿ ಕೊನೇವರೆಗೂ ಹಾಗೇ ಇರುತ್ತೆ."

"ಕಂಪ್ಯೂಟರಲ್ಲಿ ತಪ್ಪಿರಬಹುದಾ ಸರ್?"

"ನೀವೇ ಹೇಳ್ತಿರ್ತೀರಲ್ಲ, ಕಣಜದಲ್ಲಿ ಇದ್ದದ್ದು ಸುಳ್ಳಾಗಲ್ಲ ಅಂತ."

ಅಲ್ಲಿಗೆ ಲೋಡಪ್ಪ ಸಾಯುವುದು ಇತ್ಯರ್ಥವಾಯಿತು.

ಮಂಗಳವಾರ ಹೆಂಡತಿಯ ಅಣ್ಣ ಸೂಟ್‌ಕೇಸು ಸಮೇತ ಬಂದಿಳಿದರು. ಶಾಲೆಯೊಂದರಲ್ಲಿ ಮೂವತ್ತು ವರ್ಷ ಮಕ್ಕಳನ್ನು ಸಾಲಾಗಿ ನಿಲ್ಲಿಸಿದ ಡ್ರಿಲ್ ಮೇಷ್ಟ್ರು. ಮೊದಲು ಸ್ವಲ್ಪ ಹೊತ್ತು ಅತ್ತರು, ಆಮೇಲೆ ಗೋಡೆಗೆ ವೇಳಾಪಟ್ಟಿ ಅಂಟಿಸಿದರು. ನೋಡಲು ಬರುವವರು ಹತ್ತರಿಂದ ಹನ್ನೊಂದು, ಸೂಪು ಹನ್ನೊಂದೂಕಾಲು, ಹಳೆಯ ಮನಸ್ತಾಪ ಇರುವವರು ಸಂಜೆ. ಬಂದವರು ಬಾಗಿಲಲ್ಲಿ ಸಾಲಾಗಿ ನಿಂತು ಒಬ್ಬೊಬ್ಬರೇ ಒಳಗೆ ಹೋಗಬೇಕಿತ್ತು. ಹದಿನೈದು ವರ್ಷದಿಂದ ಮಾತು ಬಿಟ್ಟಿದ್ದ ಚಿಕ್ಕಪ್ಪ ಬಂದು, ಹಿಂದೆ ನಡೆದದ್ದನ್ನೆಲ್ಲ ಕ್ಷಮಿಸಿದ್ದೇನೆ ಎಂದ. ನಡೆದದ್ದರಲ್ಲಿ ತಪ್ಪು ಚಿಕ್ಕಪ್ಪನದೇ ಆಗಿತ್ತು. ಲೋಡಪ್ಪ ಅದನ್ನು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಮೇಷ್ಟ್ರು ಮುಂದಿನವರನ್ನು ಕರೆದರು.

ಮೇಲಿನ ಮನೆಯಲ್ಲಿ ನಿವೃತ್ತ ರೈಲ್ವೆ ಗಾರ್ಡು ಇದ್ದರು. ಎಂಟು ವರ್ಷ ತಲೆಯ ಮೇಲೆ ಕುರ್ಚಿ ಎಳೆದಾಡಿದ ಮನುಷ್ಯ ಈಗ ಬರಿಗಾಲಲ್ಲಿ ತುದಿಬೆರಳ ಮೇಲೆ ನಡೆಯತೊಡಗಿದರು. ಒಂದು ದಿನ ಹಣ್ಣು ತಂದು, ಪಕ್ಕದಲ್ಲಿ ಕೂತು, ಹಿತ್ತಲಲ್ಲಿ ಬಟ್ಟೆ ಒಣಗಿಸುವ ತಂತಿಯ ಮಾತೆತ್ತಿದರು.

"ಆ ಬಿಸಿಲಿನ ಕಡೆಯ ತಂತಿ ನಿಮ್ಮದಲ್ವಾ. ಮುಂದೆ ಮನೇಲಿ ಬಟ್ಟೆ ಕಮ್ಮಿ ಆಗುತ್ತಲ್ಲ, ಅದಕ್ಕೆ ಕೇಳಿದೆ. ಅವಸರ ಏನಿಲ್ಲ, ನಿಧಾನವಾಗೇ ಆಗಲಿ."

ಲೋಡಪ್ಪ ತಂತಿ ಕೊಟ್ಟ. ಸಾಯುವವನು ಜಿಪುಣತನ ಮಾಡಬಾರದು ಎನ್ನಿಸಿತು.

ಹೇಳಬೇಕಾದ ಮಾತು ಇನ್ನೊಂದಿದೆ. ಹೆದರಿಕೆಯ ಮೊದಲ ನಾಲ್ಕು ದಿನ ಕಳೆದ ಮೇಲೆ ಅವನಿಗೆ ಅದು ಹಿಡಿಸತೊಡಗಿತು. ಜೀವಮಾನದಲ್ಲಿ ಮೊದಲ ಬಾರಿ ಜನ ಅವನ ಮಾತನ್ನು ಕೊನೆಯವರೆಗೂ ಕೇಳುತ್ತಿದ್ದರು. ಹೆಂಡತಿ ತನ್ನ ದಿಂಬನ್ನೂ ಅವನ ತಲೆಯಡಿಗೆ ಇಟ್ಟಿದ್ದಳು. ಸಿಸ್ಟರ್ ಹೇಳಿದಂತೆ ನೋವು ಬರುವ ಮೊದಲೇ ಊಟವಾದ ಮೇಲೆ ಒಂದು ಮಾತ್ರೆ ನುಂಗಿದರೆ, ಚಿಕ್ಕಂದಿನಲ್ಲೂ ಕಾಣದಂಥ ನಿದ್ದೆ ಬರುತ್ತಿತ್ತು. ಕಚೇರಿಯಲ್ಲೂ ಅರ್ಧ ದಿನ ಕೂತರೆ ಸಾಕೆಂದಿದ್ದರು. ಮೇಡಮ್ಮು ನಿರ್ದೇಶಕರ ಹತ್ತಿರ ಹೋಗಿ ಅವನ ಪರವಾಗಿ ಮಾತಾಡಿ ಬಂದು, ಒಂದು ದಿನವೂ ತಡಮಾಡದೆ ಸರಿಯಾಗಿ ಅವಧಿ ಮುಗಿಯುವ ಶುಕ್ರವಾರವೇ ಆದೇಶ ಕೈಗೆ ಕೊಡುತ್ತೇವೆ ಎಂದರು. ಹೋಗುವ ಮನುಷ್ಯ ಕಾಯಂ ಆಗಿಯೇ ಹೋಗಲಿ ಎಂಬುದು ಕಚೇರಿಯವರೆಲ್ಲರ ಅಭಿಪ್ರಾಯವಾಗಿತ್ತು.

ಊರಿನ ಇನ್ನೊಂದು ಕಡೆ ಲಿಫ್ಟ್ ಮೆಕ್ಯಾನಿಕ್ಕಿನ ಡಬ್ಬಿ ಅಷ್ಟು ಹೊತ್ತಿಗೆ ಖಾಲಿಯಾಗಿತ್ತು.

ಮೂರನೆಯ ಸೋಮವಾರ ಸಿಸ್ಟರ್ ಹೊಲಿಗೆ ಹಾಕಿದ ಗಾಯ ನೋಡಬೇಕು ಎಂದರು. ಲೋಡಪ್ಪ ಅಂಗಿ ಎತ್ತಿ ತಿರುಗಿ ಕೂತ. ಬೆನ್ನು ಹಲಗೆಯಂತೆ ನುಣ್ಣಗಿತ್ತು. ಸಿಸ್ಟರ್ ಬೆರಳಿಂದ ಮೇಲಿನಿಂದ ಕೆಳಗೆ ತಡವಿ ನೋಡಿ, ಇಷ್ಟು ಚೆನ್ನಾಗಿ ಮಾಯ್ದ ಗಾಯವನ್ನು ನನ್ನ ಸರ್ವಿಸಿನಲ್ಲೇ ಕಂಡಿಲ್ಲ ಎಂದು ಬೆರಗಾಗಿ, ಹಾಗೆಯೇ ಬರೆದುಕೊಂಡರು. ಯಾವಾಗ ಕೊಯ್ದದ್ದು ಎಂದು ಕೇಳಿದ ಲೋಡಪ್ಪ. ಸಿಸ್ಟರ್ ತಾರೀಖು ಓದಿದರು. ಆ ತಾರೀಖಿನಂದು ಲೋಡಪ್ಪ ಕಚೇರಿಯಲ್ಲಿ ಕೂತು ಹದಿನಾಲ್ಕು ಫೈಲು ಸುರಿದಿದ್ದ. ಅದರಲ್ಲಿ ಆ ಕೊಯ್ತದ ಫೈಲೂ ಒಂದು.

ಸಹಿ ಹಾಕಿಸಿಕೊಂಡು ಸಿಸ್ಟರ್ ಹೋದ ಮೇಲೂ ಅವನು ಅಂಗಿ ಇಳಿಸದೆ ಕೂತಿದ್ದ. ಸೇರಿದ್ದು ಸೊನ್ನೆ, ಬದಲಾದದ್ದು ಒಂದು. ಯಾವುದು ಬದಲಾಯಿತು ಎಂಬುದು ಈಗ ಹೊಳೆಯಿತು.

ಹೆಂಡತಿಯನ್ನು ಅಡುಗೆಮನೆಗೆ ಕರೆದು ಬಾಗಿಲು ಮುಂದೆ ಮಾಡಿ, ತಾನು ಸಾಯುವುದಿಲ್ಲ ಎಂದು ಹೇಳಿದ. ಅವಳು ಗೋಡೆಗೆ ಒರಗಿ ನಿಂತು ಪೂರ್ತಿ ಕೇಳಿದಳು. ಮುಖದಲ್ಲಿ ಬಂದ ಸಂತೋಷ ಮಾತು ಮುಗಿಯುವ ಮೊದಲೇ ಇಳಿದುಹೋಯಿತು.

"ಹಾಗಾದ್ರೆ ಈ ಮಾತ್ರೆ ಯಾರದ್ದು ರೀ?"

ಗೊತ್ತಿಲ್ಲ ಎಂದ. ನೋಡಿದರೆ ಗೊತ್ತಾಗುತ್ತದೆ. ಸುರಿದ ಹಳೆಯ ಫೈಲುಗಳೆಲ್ಲ ನಲವತ್ತು ದಿನ ಹಾಗೇ ಇರುತ್ತವೆ, ಆ ನಂಬರಿನ ಹಳೆಯ ಹೆಸರು ವಿಳಾಸ ಅದರಲ್ಲಿದೆ. ಆದರೆ ತೆರೆದರೆ ಯಾರು ತೆರೆದರು, ಯಾಕೆ ತೆರೆದರು ಎಂದು ದಾಖಲಾಗುತ್ತದೆ. ಮೇಡಮ್ಮಿಗೆ ತಿಳಿಯುತ್ತದೆ. ಆದೇಶ ಬರುವುದು ಮುಂದಿನ ವಾರದ ಶುಕ್ರವಾರ. ಅಲ್ಲಿಯವರೆಗೆ ತಡೆ, ಅವತ್ತೇ ತೆರೆಯುತ್ತೇನೆ ಎಂದ.

"ನೀವು ತಡೀತೀರಿ. ನೋವಿರೋರು ತಡೀತಾರಾ?"

ಹೊರಗಿನಿಂದ ಮೇಷ್ಟ್ರು, ಸೂಪಿಗೆ ಹೊತ್ತಾಯಿತು ಎಂದು ಸೀಟಿ ಊದಿದರು. ಲೋಡಪ್ಪ ಹೋಗಿ ಮಲಗಿದ. ಆ ದಿನ ಹೆಂಡತಿ ತನ್ನ ದಿಂಬನ್ನು ವಾಪಸು ತೆಗೆದುಕೊಂಡಳು. ಆಮೇಲೆ ಆ ವಿಷಯ ಎತ್ತಲಿಲ್ಲ, ಬೇರೆ ವಿಷಯವನ್ನೂ ಎತ್ತಲಿಲ್ಲ. ಅಣ್ಣನಿಗೆ ನಿಜ ಹೇಳೋಣವೆಂದರೆ ಅವರು ದೂರದ ನೆಂಟರಿಗೆಲ್ಲ ಪತ್ರ ಹಾಕಿ ಆಗಿತ್ತು. ನಾಲ್ಕನೆಯ ಸೋಮವಾರ ಸಿಸ್ಟರ್ ಬಂದರು. ಲೋಡಪ್ಪ ರಿಜಿಸ್ಟರು ಮಡಿಲಲ್ಲಿಟ್ಟುಕೊಂಡು ಸ್ವಲ್ಪ ಹೊತ್ತು ಪೆನ್ನಿನ ಮುಚ್ಚಳ ತಿರುಗಿಸಿದ. ಆಮೇಲೆ ಸಹಿ ಹಾಕಿದ. 'ರೋಗಿ ಈಗ ಒಪ್ಪಿಕೊಂಡಂತೆ ಕಾಣುತ್ತದೆ' ಎಂದು ಸಿಸ್ಟರ್ ಬರೆದರು.

ಶುಕ್ರವಾರ ಕತ್ತಲೆ ಕೋಣೆಯಲ್ಲಿ ಇಪ್ಪತ್ತು ಜನ ಸೇರಿದರು. ಮೇಡಮ್ಮು ಭಾಷಣ ಬರೆದುಕೊಂಡು ಬಂದಿದ್ದರು. ಮುಂದೆ ಬೇಕಾಗುತ್ತದೆ ಎಂದು ಅದನ್ನು ಭೂತಕಾಲದಲ್ಲೇ ಬರೆದಿದ್ದರು. ಅವರು ಶ್ರದ್ಧೆಯಿಂದ ದುಡಿದರು, ಎಂದೂ ಒಂದು ತಪ್ಪು ಮಾಡಲಿಲ್ಲ, ಅವರ ಪರೀಕ್ಷೆಗಳು ನಮಗೆಲ್ಲ ಮಾದರಿಯಾಗಿದ್ದವು ಎಂದು ಓದಿದರು. ಲೋಡಪ್ಪ ಎದುರಿಗೇ ನಿಂತು ಕೇಳಿದ. ಕಣ್ಣೊರೆಸಿಕೊಂಡವರು ನಾಲ್ಕು ಜನ. ಲಕೋಟೆ ಕೈಗೆ ಬಂತು. ಎಲ್ಲರೂ ಬಿಸ್ಕತ್ತು ತಿಂದು ಹೋದರು.

ಬಾಗಿಲು ಹಾಕಿಕೊಂಡು ಅವನು ಹಳೆಯ ಫೈಲು ತೆರೆದ. ಹುಡುಕಲು ಅರ್ಧ ನಿಮಿಷವೂ ಬೇಕಾಗಲಿಲ್ಲ. ಹೆಸರು, ವಯಸ್ಸು ನಲವತ್ತೊಂದು, ಕೆಲಸ ಲಿಫ್ಟ್ ರಿಪೇರಿ, ವಿಳಾಸ. ಆಸ್ಪತ್ರೆಯಿಂದ ಬಸ್ಸಿನಲ್ಲಿ ಐದು ನಿಲ್ದಾಣ. ಉಳಿದಿದ್ದ ಎರಡು ಡಬ್ಬಿ ಮಾತ್ರೆ ಚೀಲಕ್ಕೆ ಹಾಕಿಕೊಂಡು ಹೊರಟ.

ಆ ಕಟ್ಟಡಕ್ಕೆ ಲಿಫ್ಟ್ ಇರಲಿಲ್ಲ. ನಾಲ್ಕನೇ ಮಹಡಿ ಹತ್ತುವಷ್ಟರಲ್ಲಿ ಲೋಡಪ್ಪನಿಗೆ ಮೊದಲ ಬಾರಿಗೆ ನಿಜವಾಗಿಯೂ ಬೆನ್ನು ನೋಯಿತು. ಬಾಗಿಲು ತೆರೆದೇ ಇತ್ತು. ಒಳಗೆ ಒಬ್ಬ ಹೆಂಗಸು ಹಾಸಿಗೆಯೊಂದನ್ನು ಸುರುಳಿ ಸುತ್ತಿ ಹಗ್ಗದಿಂದ ಬಿಗಿಯುತ್ತಿದ್ದಳು. ಮೂವತ್ತರ ಮೇಲೆ ವಯಸ್ಸು ಇರಲಾರದು. ಅವನ ಕೊರಳಲ್ಲಿದ್ದ ಗುರುತಿನ ಚೀಟಿ ನೋಡಿ, ಆಸ್ಪತ್ರೆಯಿಂದಲಾ ಎಂದು ಕೇಳಿದಳು. ಅವನು ತಲೆಯಾಡಿಸಿದ.

"ಮಂಗಳವಾರ ಹೋದ್ರು," ಎಂದಳು. "ಕೂತ್ಕೊಳ್ಳಿ."

ಅವನು ಕೂರಲಿಲ್ಲ. ಅವಳು ಗಂಟು ಹಾಕುತ್ತಲೇ ಮಾತಾಡಿದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಬಟ್ಟೆ ಇಸ್ತ್ರಿ ಮಾಡುವ ಅಂಗಡಿಯಲ್ಲಿ ದಿನವೆಲ್ಲ ದುಡಿಯುತ್ತಿದ್ದಳಂತೆ. ಅಲ್ಲಿ ಗಿರಾಕಿಗಳಿಗೆ ಯಾವ ಕಟ್ಟು ಯಾರದ್ದು ಎಂದು ಹೇಳುವಂಥದೇ ದನಿ. ಹಗಲು ಗಂಡನ ಹತ್ತಿರ ಮೈದುನ ಇರುತ್ತಿದ್ದ. ಮಾತ್ರೆ ಮುಗಿದು ಸಿಸ್ಟರ್ ಬಾರದಿದ್ದಾಗ ಆಸ್ಪತ್ರೆಗೆ ನಾಲ್ಕು ಸಲ ಫೋನು ಮಾಡಿದಳು, ಒಮ್ಮೆ ಹೋಗಿಯೂ ಬಂದಳು. ಕೌಂಟರಿನವರು ಪ್ರತಿಸಲವೂ ಹೆಸರು ಕೇಳದೆ ನಂಬರಷ್ಟೇ ಕೇಳಿ, ನೋಡಿ, ಸೋಮವಾರ ಬಂದಿದ್ದಾರೆ, ಮಾತ್ರೆ ಕೊಟ್ಟಿದ್ದಾರೆ, ಮನೆಯವರ ಸಹಿ ಇದೆ ಎಂದರು. ಮೈದುನ ಯಾರೂ ಬಂದಿಲ್ಲ ಎಂದ. ಗಂಡನೂ ಹಾಗೇ ಅಂದ, ಆದರೆ ಅವನು ತಮ್ಮನನ್ನು ಯಾವತ್ತೂ ಬಿಟ್ಟುಕೊಟ್ಟವನಲ್ಲ. ಮೈದುನನಿಗೆ ಹಿಂದೆ ಕುಡಿತವಿತ್ತು. ಅಂಥ ಮಾತ್ರೆಗೆ ಹೊರಗೆ ಗಿರಾಕಿ ಇದ್ದಾರೆ ಎಂದು ಯಾರೋ ಹೇಳಿದ್ದರು. ಎರಡನೆಯ ಸೋಮವಾರದ ಮೇಲೆ ಅವನ ಬಟ್ಟೆ ಮೆಟ್ಟಿಲ ಮೇಲೆಸೆದು ಆಚೆ ಹಾಕಿದಳು. ಆಮೇಲೆ ಹಗಲು ಗಂಡನ ಹತ್ತಿರ ಯಾರೂ ಇರಲಿಲ್ಲ. ಮಣ್ಣಿಗೂ ಮೈದುನನನ್ನು ಕರೆಯಲಿಲ್ಲ.

ಹಗ್ಗದ ತುದಿ ಕತ್ತರಿಸಿ ಅವಳು ಎದ್ದಳು.

"ನಿಮ್ಮ ಹತ್ರ ಒಂದೇ ಕೇಳ್ಬೇಕಿತ್ತು. ಆ ಸಹಿ ಅವನದ್ದೇನಾ? ನೋಡಿ ಹೇಳ್ತೀರಾ?"

ಲೋಡಪ್ಪನ ನಾಲಿಗೆಯ ತುದಿಗೆ ಬೇಕಾದಷ್ಟು ಮಾತುಗಳಿದ್ದವು. ಆವೃತ್ತಿ ಬದಲಾವಣೆಯ ಸಮಯ, ತಾಂತ್ರಿಕ ದೋಷ, ಪರಿಶೀಲಿಸಿ ತಿಳಿಸಲಾಗುವುದು. ವರ್ಷವಿಡೀ ಆ ಮಾತುಗಳಿಂದಲೇ ಜನರನ್ನು ಬಾಗಿಲಿಂದ ಹಿಂದೆ ಕಳಿಸಿದ್ದ. ಈಗ ಬಾಗಿಲಲ್ಲಿ ನಿಂತಿದ್ದವನು ಅವನೇ.

"ಅದು ನನ್ನ ಸಹಿ," ಎಂದ.

ಅವಳಿಗೆ ಅರ್ಥವಾಗಲಿಲ್ಲ.

"ನಿಮ್ಮ ಯಜಮಾನರ ನಂಬರಿನ ಮೇಲೆ ನಾನು ನನ್ನ ಹೆಸರು ಬರೆದುಬಿಟ್ಟೆ. ತಪ್ಪಿ ಬರೆದದ್ದು. ಸಿಸ್ಟರ್ ನಮ್ಮನೆಗೆ ಬಂದ್ರು. ನನಗೆ ಗೊತ್ತಾಗಿ ಇವತ್ತಿಗೆ ಹನ್ನೊಂದು ದಿನ."

ತನ್ನ ಕೆಲಸವನ್ನು ಅವನು ಮನೆಯವರಿಗೆ, ನೆಂಟರಿಗೆ, ಗಾರ್ಡಿಗೆ ಎಷ್ಟೋ ಸಲ ಬಿಡಿಸಿ ಹೇಳಿದ್ದ. ಯಾರಿಗೂ ತಲೆಬುಡ ತಿಳಿದಿರಲಿಲ್ಲ. ಇದು ಒಂದೇ ಸಲಕ್ಕೆ ತಿಳಿಯಿತು. ಅವಳು ಸುತ್ತಿಟ್ಟ ಹಾಸಿಗೆಯ ಮೇಲೆ ಕೂತಳು. ಮಾತ್ರೆಯ ಡಬ್ಬಿಗಳನ್ನು ಅವನು ಮೇಜಿನ ಮೇಲಿಟ್ಟ. ಇಟ್ಟ ಮೇಲೆ, ಇಡಬಾರದಿತ್ತು ಎನ್ನಿಸಿ ಮತ್ತೆ ಚೀಲಕ್ಕೆ ಹಾಕಿಕೊಂಡ. ಅದೂ ಸರಿಯಲ್ಲ ಎನ್ನಿಸಿ ಚೀಲವನ್ನೇ ಕೆಳಗಿಟ್ಟ.

ಸ್ವಲ್ಪ ಹೊತ್ತಿನ ಮೇಲೆ ಅವಳು ಫೋನು ತೆಗೆದುಕೊಂಡು ಒತ್ತಿದಳು. ಎರಡು ಸಲ ಕಡಿದುಹೋಯಿತು. ಮೂರನೆಯ ಸಲ ಸಿಕ್ಕಿತು.

"ನಾನು, ಅತ್ತಿಗೆ. ಇಡ್ಬೇಡ. ಇಲ್ಲಿ ಒಬ್ರು ಬಂದಿದಾರೆ. ನನಗೆ ಹೇಳಿದ್ದನ್ನ ನಿನಗೂ ಹೇಳ್ತಾರೆ."

ಫೋನನ್ನು ಲೋಡಪ್ಪನ ಕಡೆ ಚಾಚಿದಳು. ಅವನು ಮತ್ತೆ ಹೇಳಿದ. ಈ ಸಲ ಇನ್ನೂ ಚಿಕ್ಕದಾಗಿ ಬಂತು. ಆ ಕಡೆ ಯಾವುದೋ ಯಂತ್ರ ಓಡುತ್ತಿದ್ದ ಸದ್ದು ನಿಂತಿತು. ದನಿ ಕೇಳಿದರೆ ಇಪ್ಪತ್ತೈದರ ಆಸುಪಾಸಿನವನು.

"ಆ ಮಾತ್ರೆ ನೀವು ತಗೊಂಡ್ರಾ?"

"ತಗೊಂಡೆ."

"ನಿಮಗೆ ನೋವಿತ್ತಾ?"

"ಇರಲಿಲ್ಲ," ಎಂದ ಲೋಡಪ್ಪ.

ಆ ಕಡೆಯವನು ಫೋನು ಇಡಲಿಲ್ಲ. ಅವಳು ಫೋನು ವಾಪಸು ಕೇಳಲಿಲ್ಲ. ಅವನು ಅದನ್ನು ಕಿವಿಗೆ ಹಿಡಿದುಕೊಂಡೇ ನಿಂತಿದ್ದ.